ಮೀನು ಒಲ್ಲದ ಮೊಟ್ಟೆ

ಹಿತ್ತಲಿನಲ್ಲೊಂದು ಪುಟ್ಟ ಕೊಳವನ್ನು ತೋಡಿಸಿ, ಅದರ ಒಡಲಿಗೆ ಗಾರೆ ಬಳಿಸಿ, ನಡುವೆ ನೈದಿಲೆಯ ಗಡ್ಡೆಯೊಂದನ್ನು ಊರಿ, ಪೇಟೆಯಿಂದ ತಂದ ಹೊಂಬಣ್ಣದ ಮೀನುಗಳನ್ನು ಅದರಲ್ಲಿ ಬಿಟ್ಟು, ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತು ನೋಡಿ ಸುಖಿಸುವ ಗೃಹಸ್ಥನು, ಆ ನೀರಿನ ಒಕ್ಕಲನ್ನೆಲ್ಲ ತಾನೇ ಆರಿಸಿ ತಂದೆನೆಂದು ಭಾವಿಸಿಕೊಳ್ಳುವುದು ಸಹಜವಾದುದೇ. ಭರಣಿಯದೋ ಕೃತ್ತಿಕೆಯದೋ ಮೊದಲ ದೊಡ್ಡ ಮಳೆ ಗುಡುಗು ಮಿಂಚುಗಳೊಡನೆ ಸುರಿದುಹೋದ ರಾತ್ರಿ ಆ ಭಾವನೆ ಸಡಿಲಗೊಳ್ಳುತ್ತದೆ. ಅವನು ಕರೆಯದ ಬಳಗವೊಂದು ಕಟ್ಟೆಯನ್ನೇರಿ ನೀರಿಗಿಳಿದು, ಅವನ ನಿದ್ರೆಯನ್ನು ಲಕ್ಷಿಸದೆ ಬೆಳಗಿನ ಜಾವದವರೆಗೆ ಸ್ವಯಂವರವನ್ನು ನಡೆಯಿಸಿ, ಸೂರ್ಯೋದಯಕ್ಕೆ ಮುಂಚೆಯೇ ಸಂತಾನವನ್ನು ಅವನ ಪಾಲಿಗೆ ಒಪ್ಪಿಸಿ ಹೊರಟುಹೋಗುವುದು. ಬರುವ ಕಪ್ಪೆಗಳನ್ನು ನಾವು ಆರಿಸಲಾರೆವೆಂಬುದನ್ನು ಕೊಳವುಳ್ಳ ಎಲ್ಲರೂ ಬಲ್ಲರು. ಬಂದವುಗಳಲ್ಲಿ ಯಾವುದರ ವಂಶ ಅಲ್ಲಿ ನಿಲ್ಲತಕ್ಕದ್ದೆಂಬುದನ್ನು ತೀರ್ಮಾನಿಸುವ ಅಧಿಕಾರ ನಮ್ಮದಲ್ಲ, ಕಪ್ಪೆಯದೂ ಅಲ್ಲ, ನಾವು ಕಾಸು ಕೊಟ್ಟು ತಂದ ಮೀನಿನದು ಎಂಬುದನ್ನು ಮಾತ್ರ ಬಹುಮಂದಿ ಗಮನಿಸಿದಂತೆ ತೋರುವುದಿಲ್ಲ.

ಮೀನಿನ ಈ ಪರೀಕ್ಷೆಯಲ್ಲಿ ನಮ್ಮ ಊರುಗಳಲ್ಲಿ ಗೆಲ್ಲತಕ್ಕದ್ದು ಬಹುಮಟ್ಟಿಗೆ ನೆಲಗಪ್ಪೆಯೊಂದೇ. ಬಚ್ಚಲ ಮೂಲೆಯಲ್ಲಿ, ತೆಂಗಿನ ಬುಡದ ಸೋಗೆಯ ರಾಶಿಯಲ್ಲಿ, ಹೂಕುಂಡದ ತಂಪಿನಲ್ಲಿ ಹಗಲನ್ನು ಕಳೆದು, ಇರುಳಾದೊಡನೆ ಬೀದಿದೀಪದ ಕೆಳಗೆ ಹುಳುಗಳನ್ನು ಕಾದು ಕೂರುವ ಈ ಒರಟು ಮೈಯ ಜೀವಿಯನ್ನು 1799ರಲ್ಲಿ ಜರ್ಮನಿಯ ವಿದ್ವಾಂಸನಾದ ಷ್ನೈಡರನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದನು. ಇದರ ಈಗಿನ ಕುಲನಾಮವಾದ ಡಟ್ಟಾಫ್ರಿನಸ್ ಎಂಬುದು ನಮ್ಮ ದೇಶದ ಉಭಯಚರ ವಿಜ್ಞಾನಿ ಸುಶೀಲ್ ಕುಮಾರ್ ದತ್ತ ಅವರ ಗೌರವಾರ್ಥವಾಗಿ 2006ರಲ್ಲಿ ಇಟ್ಟದ್ದು. ವರ್ಷದ ಬಹುಭಾಗ ನೀರನ್ನು ಬಯಸದೆ ನೆಲದ ಮೇಲೆಯೇ ಬಾಳುವ ಈ ಪ್ರಾಣಿ, ಮಳೆ ಬಿದ್ದ ಮರುಗಳಿಗೆಯಲ್ಲಿ ಎಲ್ಲಿ ನಿಂತ ನೀರುಂಟೋ ಅಲ್ಲಿಗೆ ನಡೆದು ಬರುತ್ತದೆ. ಗಂಡುಗಳು ಮೊದಲು ಬಂದು ಕಟ್ಟೆಯಂಚಿನ ತೆಳುನೀರಿನಲ್ಲಿ ಕುಳಿತು ಗಂಟಲಿನ ಚೀಲವನ್ನು ಉಬ್ಬಿಸಿ ಎಡೆಬಿಡದೆ ಕುರ್ರೆನ್ನುವುವು. ಗಾತ್ರದಲ್ಲಿ ಹಿರಿದಾದ ಹೆಣ್ಣು ಬಂದೊಡನೆ ಅದೃಷ್ಟವಂತನಾದ ಒಂದು ಅದರ ಬೆನ್ನನ್ನೇರಿ ಕಂಕುಳುಗಳನ್ನು ಮುಂಗಾಲುಗಳಿಂದ ಅವಚಿ ಹಿಡಿದರೆ, ಮೊಟ್ಟೆಯ ಕಾರ್ಯ ಮುಗಿಯುವವರೆಗೆ ಆ ಹಿಡಿತವನ್ನು ಸಡಿಲಿಸುವುದಿಲ್ಲ. ಆ ಹೊತ್ತಿನ ಆವೇಶದಲ್ಲಿ ಗಂಡಿಗೆ ವಿವೇಚನೆ ಅತ್ಯಲ್ಪವಾದುದರಿಂದ, ಇನ್ನೊಂದು ಗಂಡನ್ನೇ ತಬ್ಬಿ ಅದರಿಂದ ಗದರಿಸಿಕೊಳ್ಳುವುದೂ ಉಂಟು. ಯೂರೋಪಿನ ಉದ್ಯಾನಗಳ ಕೊಳಗಳಲ್ಲಿ ಅಲ್ಲಿನ ನೆಲಗಪ್ಪೆಗಳು ಸಾಕಿದ ಮೀನುಗಳನ್ನೇ ಹೀಗೆ ಅಪ್ಪಿ ಹಿಡಿದು ಅವುಗಳ ಪ್ರಾಣಕ್ಕೆ ಸಂಚಕಾರ ತಂದ ಪ್ರಸಂಗಗಳಿವೆ.

ಜೋಡಿಯು ನೈದಿಲೆಯ ದಂಟುಗಳ ನಡುವೆ ಮೆಲ್ಲಗೆ ಸುತ್ತುತ್ತ ಸುತ್ತುತ್ತ ಹೆಣ್ಣು ಎರಡು ಎಳೆಗಳಲ್ಲಿ ಮೊಟ್ಟೆಗಳನ್ನು ಹೊರಬಿಡುವುದು, ಹೊರಬಂದಂತೆಲ್ಲ ಗಂಡು ಅವನ್ನು ಫಲಿತಗೊಳಿಸುವುದು. ಬೆಳಗ್ಗೆ ಎದ್ದು ನೋಡಿದರೆ, ಪಾರದರ್ಶಕವಾದ ಲೋಳೆಯ ನಾಳದೊಳಗೆ ಕಪ್ಪು ಮಣಿಗಳನ್ನು ಪೋಣಿಸಿದ ಕರಿಮಣಿಯ ಸರವೊಂದು ಗಿಡದ ಕಾಲಿಗೆ ಹತ್ತಾರು ಸುತ್ತು ಸುತ್ತಿಕೊಂಡು ನೀರಿನಲ್ಲಿ ತೂಗಾಡುತ್ತಿರುತ್ತದೆ. ಒಂದೇ ತಾಯಿಯ ಸರದಲ್ಲಿ ಹಲವು ಸಾವಿರ ಮೊಟ್ಟೆಗಳಿರುವುದು ಸಾಮಾನ್ಯ. ತಂದೆತಾಯಿಗಳ ಹೊಣೆ ಅಷ್ಟಕ್ಕೆ ತೀರಿತು. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ತನ್ನ ಮೊಟ್ಟೆಗಳಿಗೆ ಕೆಸರನ್ನು ಮೆತ್ತಿ ಕಾಪಾಡುವ ಕುಂಬಾರ ಕಪ್ಪೆ, 2014ರಲ್ಲಿ ಗುರುರಾಜ ಮತ್ತು ಸಂಗಡಿಗರು ಲೋಕಕ್ಕೆ ಪರಿಚಯಿಸಿದುದು, ಇದರ ದೂರದ ದಾಯಾದಿಯೇ ಆದರೂ ಆ ವಾತ್ಸಲ್ಯ ನೆಲಗಪ್ಪೆಗೆ ಬಂದಿಲ್ಲ; ಅದಕ್ಕೆ ಬದಲಾಗಿ ಇದು ಮಕ್ಕಳಿಗೆ ವಿಷವನ್ನು ಉಂಬಳಿಯಾಗಿ ಬಿಟ್ಟುಹೋಗುತ್ತದೆ.

ದೊಡ್ಡ ನೆಲಗಪ್ಪೆಯ ಕಣ್ಣಿನ ಹಿಂದೆ ಉಬ್ಬಿಕೊಂಡಿರುವ ಗ್ರಂಥಿಗಳಲ್ಲಿ ಹೃದಯದ ಮೇಲೆ ಪರಿಣಾಮ ಮಾಡತಕ್ಕ ಬಿಳಿಯ ಸ್ರಾವವುಂಟೆಂಬುದು, ಒಮ್ಮೆ ಅದನ್ನು ಬಾಯಲ್ಲಿ ಹಿಡಿದು ನೊರೆಗರೆದ ನಾಯಿಯನ್ನು ಕಂಡವರಿಗೆ ಹೊಸ ಸಂಗತಿಯಲ್ಲ. ಆ ವರ್ಗದ ವಿಷವೇ ಮೊಟ್ಟೆಯಲ್ಲಿಯೂ, ಅದರಿಂದ ಒಂದೆರಡು ದಿನಗಳಲ್ಲಿ ಹೊರಬರುವ ಕಡುಗಪ್ಪು ಗೊದಮೊಟ್ಟೆಯಲ್ಲಿಯೂ ಇರುವುದರಿಂದ, ಅಕ್ಕಿಕಾಳನ್ನೂ ಬಿಡದ ಹೊಟ್ಟೆಬಾಕ ಮೀನು ಈ ಕರಿಯ ಮರಿಯೊಂದನ್ನು ಬಾಯಿಗೆ ತೆಗೆದುಕೊಂಡು, ಅರೆಗಳಿಗೆ ಯೋಚಿಸಿದಂತೆ ನಿಂತು, ಫೂ ಎಂದು ಉಗುಳಿ ಮುಂದೆ ಹೋಗುವುದನ್ನು ಕಟ್ಟೆಯ ಮೇಲೆ ಕುಳಿತೇ ಕಾಣಬಹುದಾಗಿದೆ. ಉಗುಳಿಸಿಕೊಂಡ ಮರಿ ಮೈ ಕೊಡವಿಕೊಂಡು ಮತ್ತೆ ಪಾಚಿ ಕೆರೆಯಲು ತೊಡಗುತ್ತದೆ. ಕೊಳದ ಆಟಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇದು. ಬೆಲೆಬಾಳುವ ಕೊಯ್ ಮೀನಿನ ಮೈಬಣ್ಣವನ್ನು ಹೊಗಳುತ್ತ ಇದನ್ನು ಕಾಣದೆ ಹೋಗುವವರ ರಸಿಕತೆಯಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ.

ರುಚಿಗೆಟ್ಟ ಈ ಮರಿಗಳು ತಮ್ಮನ್ನು ಮರೆಮಾಚಿಕೊಳ್ಳುವ ಗೋಜಿಗೆ ಹೋಗದೆ, ಹಾಡಹಗಲಿನಲ್ಲಿ ಮೋಡದಂತೆ ಒಟ್ಟುಗೂಡಿ ಸಂಚರಿಸುವುವು. ಆ ಗುಂಪು ಬರಿಯ ಜನಜಂಗುಳಿಯಲ್ಲವೆಂಬುದನ್ನು ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಸೈದಾಪುರ ಅವರೂ ಅವರ ಸಹೋದ್ಯೋಗಿ ಗಿರೀಶ್ ಅವರೂ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿದರು. ನೆಲಗಪ್ಪೆಯ ಮರಿಗಳನ್ನು ಕೆಲವನ್ನು ಒಡಹುಟ್ಟಿದವುಗಳೊಡನೆ, ಕೆಲವನ್ನು ಪರರ ಮರಿಗಳ ನೆರೆಯಲ್ಲಿ, ಇನ್ನು ಕೆಲವನ್ನು ಹುಟ್ಟಿದಂದಿನಿಂದ ಒಂಟಿಯಾಗಿಯೇ, ಬೇಯಿಸಿದ ಪಾಲಕ್ ಸೊಪ್ಪನ್ನಿಕ್ಕಿ ಬೆಳೆಸಿ, ಬಳಿಕ ಉದ್ದನೆಯ ತೊಟ್ಟಿಯೊಂದರ ಎರಡು ತುದಿಗಳಲ್ಲಿ ಬಂಧುಗಳನ್ನೂ ಅನ್ಯರನ್ನೂ ಇರಿಸಿ ನಡುವೆ ಬಿಟ್ಟರೆ, ಹೆಚ್ಚಿನವು ಬಂಧುಗಳ ಕಡೆಗೇ ಸರಿದು ಅಲ್ಲಿಯೇ ಕಾಲ ಕಳೆದುವು. ಹಿಂದೆಂದೂ ಕಾಣದ ಒಡಹುಟ್ಟುಗಳನ್ನು ಸಹ ಗುರುತಿಸಿದುವು. ರೂಪಾಂತರದವರೆಗೂ ಈ ಶಕ್ತಿ ಕುಂದಲಿಲ್ಲ. ಅಂಗಡಿಯ ದುಬಾರಿ ತಿನಿಸನ್ನು ತಂದು ಹಾಕುವವರು ಆ ಪ್ರಯೋಗಶಾಲೆಯ ಸೊಪ್ಪನ್ನು ನೆನೆಯುವುದು ಒಳಿತು. ಪಾಚಿ ಸಾಲದೆ ಬಂದಾಗ ಚೆನ್ನಾಗಿ ಬೆಂದ ಒಂದು ಹಿಡಿ ಸೊಪ್ಪಿಗಿಂತ ಮಿಗಿಲಾದ ಆಹಾರ ಗೊದಮೊಟ್ಟೆಗೆ ಬೇಕಿಲ್ಲ.

ಸುಮಾರು ಒಂದು ತಿಂಗಳಿನಿಂದ ಒಂದೂವರೆ ತಿಂಗಳೊಳಗೆ ಹಿಂಗಾಲು ಮೂಡಿ, ಅನಂತರ ಮುಂಗಾಲು ಚರ್ಮವನ್ನು ಸೀಳಿ ಹೊರಬಂದು, ಸುರುಳಿಸುತ್ತಿದ ಉದ್ದನೆಯ ಕರುಳು ಕುಗ್ಗಿ, ಬಾಲವು ಉದುರದೆ ಮೈಯೊಳಗೇ ಕರಗಿಹೋಗುತ್ತದೆ. ಈ ಮಹಾಪರಿವರ್ತನೆಗೆ ಪ್ರೇರಣೆ ಥೈರಾಯಿಡ್ ಗ್ರಂಥಿಯದೆಂಬುದು, ಗುಡರ್‌ನಾಟ್ಷ್ ಎಂಬ ವಿಜ್ಞಾನಿ 1912ರಲ್ಲಿ ಗೊದಮೊಟ್ಟೆಗಳಿಗೆ ಆ ಗ್ರಂಥಿಯ ತುಣುಕುಗಳನ್ನು ತಿನ್ನಿಸಿ, ಅವು ಬೆಳೆಯುವ ಮುನ್ನವೇ ಕಿರುಗಪ್ಪೆಗಳಾದುದನ್ನು ಕಂಡಂದಿನಿಂದ ತಿಳಿದುಬಂದಿದೆ. ಆದರೆ ಕೊಳದ ಯಜಮಾನನು ಎಚ್ಚರವಾಗಿರಬೇಕಾದುದು ಇದೇ ಹೊತ್ತಿನಲ್ಲಿ. ಶ್ವಾಸಕೋಶ ಬಂದ ಮರಿ ನೀರಿನಿಂದ ಹತ್ತಿ ಬರಲೇಬೇಕು. ನೇರವಾಗಿ ನಿಂತ ನುಣುಪಾದ ಸಿಮೆಂಟಿನ ಗೋಡೆ ಅದಕ್ಕೆ ಏರಲಾಗದ ಕೋಟೆ. ಇಳಿಜಾರಾಗಿ ಒರಗಿಸಿದ ಒಂದು ಒರಟು ಕಲ್ಲುಚಪ್ಪಡಿ, ಅದೂ ಇಲ್ಲದಿದ್ದರೆ ಅರ್ಧ ಮುಳುಗಿದ ತೆಂಗಿನ ಮಟ್ಟೆ, ನೂರಾರು ಪ್ರಾಣಗಳನ್ನು ಉಳಿಸಬಲ್ಲದು. ನೀರನ್ನು ಸೋಸುವ ಪಂಪು ಇಟ್ಟವರು ಅದರ ಬಾಯಿಗೆ ಸ್ಪಂಜನ್ನು ಕಟ್ಟದೆ ಬಿಟ್ಟರೆ ನಡೆಯುವುದೇನೆಂಬುದನ್ನು ಬರೆಯಲು ಮನಸ್ಸೊಪ್ಪದು.

ಇನ್ನು ಮೀನು ಒಲಿದ ಮೊಟ್ಟೆಗಳ ಮಾತು. ಸುಣ್ಣ ಬಳಿದ ಗೋಡೆಗಳ ಮೇಲೆಯೂ ಬಚ್ಚಲ ಕಿಟಕಿಯ ಸಂದಿನಲ್ಲಿಯೂ ಅಂಟಿಕೊಂಡಿರುವ ಮರಗಪ್ಪೆಯು ನೀರಿನೊಳಗೆ ಮೊಟ್ಟೆಯಿಡದೆ, ನೀರಿನ ಮೇಲಕ್ಕೆ ಬಾಗಿದ ಎಲೆಗೋ ತೊಟ್ಟಿಯ ಗೋಡೆಗೋ ಆತುಕೊಂಡು, ತನ್ನ ಮೈಯಿಂದ ಒಸರಿದ ದ್ರವವನ್ನು ಹಿಂಗಾಲುಗಳಿಂದ ಕಡೆದು ನೊರೆಯ ಗೂಡನ್ನು ಕಟ್ಟಿ ಅದರಲ್ಲಿ ಕೆಲವು ನೂರು ಮೊಟ್ಟೆಗಳನ್ನು ಹುದುಗಿಸುತ್ತದೆ. ಹೊರಮೈ ಗಾಳಿಗೆ ಒಣಗಿ ಗಟ್ಟಿಯಾಗಿ ಒಳಗಿನ ತೇವವನ್ನು ಕಾಯುವುದು. ಕೆಲವು ದಿನಗಳ ಮೇಲೆ ನೊರೆ ಕರಗಿ ಮರಿಗಳು ಕೆಳಕ್ಕೆ ತೊಟ್ಟಿಕ್ಕುವುವು. ಇಷ್ಟು ಕಲಾಕುಶಲತೆಯಿಂದ ಕಟ್ಟಿದ ತೊಟ್ಟಿಲಿನ ಕೆಳಗೆ ಮೀನಿದ್ದರೆ ಆ ಮರಿಗಳು ಬೀಳುವುದು ನೀರಿಗಲ್ಲ, ಬಾಯಿಗೆ. ಹೆಬ್ಬೆರಳ ಉಗುರಿನಷ್ಟೇ ಇದ್ದು ಇಡೀ ಬೀದಿಯನ್ನು ಎಬ್ಬಿಸುವ ಮೈಕ್ರೋಹೈಲಾ ಎಂಬ ಕಿರುಗಪ್ಪೆಯ ಗತಿಯೂ ಅದೇ: ನೀರಿನ ಮೇಲೆ ತೆಳುಪೊರೆಯಾಗಿ ಹರಡಿದ ಅದರ ಮೊಟ್ಟೆಗಳನ್ನೂ, ಗಾಜಿನಂತೆ ಪಾರದರ್ಶಕವಾಗಿ ನಡುನೀರಿನಲ್ಲಿ ತೇಲಿ ನಿಲ್ಲುವ ಅದರ ಸೊಗಸಾದ ಮರಿಗಳನ್ನೂ ಮೀನು ಉಳಿಸುವುದಿಲ್ಲ. ಮಳೆಯಲ್ಲಿ ನಿಂಬೆಯ ಹಳದಿಗೆ ತಿರುಗಿ ನೀಲಿಯ ಗಂಟಲಚೀಲಗಳನ್ನು ಉಬ್ಬಿಸುವ ಗದ್ದೆಯ ದೊಡ್ಡ ಕಪ್ಪೆ, ಅದರ ಕಾಲಿನ ಮಾಂಸದ ಆಸೆಗೆ ಹೊರದೇಶಗಳಿಗೆ ಸಾಗುತ್ತಿದ್ದುದನ್ನು ನಮ್ಮ ಸರಕಾರ 1987ರಲ್ಲಿ ನಿಲ್ಲಿಸಬೇಕಾಯಿತಷ್ಟೆ, ಹಿತ್ತಲಿಗೆ ಬರುವುದು ವಿರಳ. ಬಂದರೆ ಅದರ ಮರಿಗಳೇ ಇತರ ಮರಿಗಳನ್ನೂ ತಮ್ಮ ಒಡಹುಟ್ಟುಗಳನ್ನೂ ತಿನ್ನುವುದರಿಂದ ಅಲ್ಲಿ ಮೀನಿನ ಹಂಗಿಲ್ಲದೆಯೇ ಸಂಹಾರ ನಡೆದೀತು.

ಎಲ್ಲಕ್ಕಿಂತ ಕೆಟ್ಟದ್ದು ಗಂಬೂಸಿಯಾ. ಸೊಳ್ಳೆಯ ನಿವಾರಣೆಗೆಂದು 1928ರಲ್ಲಿ ನಮ್ಮ ದೇಶಕ್ಕೆ ತಂದ ಈ ಅಮೆರಿಕ ಮೂಲದ ಕಿರುಮೀನು, ಸೊಳ್ಳೆಯ ಹುಳುವನ್ನು ತಿನ್ನುವುದು ನಿಜವೇ ಆದರೂ ಅದಷ್ಟನ್ನೇ ತಿಂದು ತೃಪ್ತಿಪಡುವ ಸ್ವಭಾವದ್ದಲ್ಲ. ಎಳೆಯ ಗೊದಮೊಟ್ಟೆಗಳನ್ನು ಹಿಡಿಯುವುದು, ದೊಡ್ಡವುಗಳ ಬಾಲವನ್ನು ಕಚ್ಚಿ ಹರಿಯುವುದು ಅದರ ನಿತ್ಯಕರ್ಮ. ಕಪ್ಪೆಯ ಮೇಲೆ ಎಳ್ಳಷ್ಟು ಪ್ರೀತಿಯುಳ್ಳವರು ಇದನ್ನು ಕೊಳಕ್ಕೆ ಬಿಡಕೂಡದೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಹಾಗಾದರೆ ನೆಲಗಪ್ಪೆಯಲ್ಲದ ಕಪ್ಪೆ ಬೇಕೆನ್ನುವವನು ಮೀನನ್ನು ತೊರೆಯಬೇಕೇ ಎಂದು ಕೇಳುವವರಿಗೆ, ಎರಡನೆಯ ನೀರೊಂದನ್ನು ಇಡಿರೆಂಬುದೇ ನನ್ನ ಉತ್ತರ. ಹಟ್ಟಿಯಲ್ಲಿ ದನವಿಲ್ಲದೆ ಬರಿದಾಗಿ ಬಿದ್ದಿರುವ ಹಳೆಯ ಕಲ್ಲುಬಾನಿ ಇದಕ್ಕೆ ಸರ್ವೋತ್ತಮ. ಅದಿಲ್ಲದವರಿಗೆ ಸಿಮೆಂಟಿನ ತೊಟ್ಟಿಯಾದೀತು, ಆದರೆ ಹೊಸ ಸಿಮೆಂಟಿನ ಸುಣ್ಣದ ಕಾರ ಹೋಗುವಂತೆ ಬಾಳೆಯ ದಿಂಡನ್ನೂ ಸಗಣಿಯನ್ನೂ ಹಾಕಿ ನೀರು ತುಂಬಿ ಕೆಲವು ಸಲ ಚೆಲ್ಲಿದ ಮೇಲೆಯೇ ಉಪಯೋಗಿಸತಕ್ಕದ್ದು. ಗಿಡದ ನೆರಳಿನಲ್ಲಿ, ಒಂದು ಕೊಂಬೆ ಮೇಲಕ್ಕೆ ಚಾಚಿಕೊಂಡಿರುವಲ್ಲಿ ಇಟ್ಟರೆ ಮರಗಪ್ಪೆಯ ನೊರೆಯನ್ನು ಕಾಣುವ ಸಂಭವ ಹೆಚ್ಚು. ಸೊಳ್ಳೆಯ ಆಕ್ಷೇಪಣೆ ನ್ಯಾಯವಾದುದೇ: ಮೀನಿಲ್ಲದ ನೀರಿನಲ್ಲಿ ವಾರ ಹತ್ತು ದಿನಗಳೊಳಗೆ ಸೊಳ್ಳೆ ಹಾರುವುದು, ಡೆಂಗ್ಯೂವಿನ ಕಾಲದಲ್ಲಿ ಆರೋಗ್ಯ ಇಲಾಖೆಯವರು ಬಂದು ಗದರಿಸಿದರೆ ತಪ್ಪು ಅವರದಲ್ಲ. ಅದಕ್ಕೆ ಉಪಾಯ, ಎರಡು ಮೂರು ದಿನಕ್ಕೊಮ್ಮೆ ಚಹಾ ಸೋಸುವ ಜರಡಿಯಿಂದ ಮೇಲ್ನೀರಿನಲ್ಲಿ ತೂಗಾಡುವ ಹುಳುಗಳನ್ನು ಎತ್ತಿ, ಪಾರದರ್ಶಕ ಮರಿಗಳು ಸಿಕ್ಕಿಕೊಳ್ಳದಂತೆ ನೋಡಿಕೊಂಡು, ಮೀನಿನ ಕೊಳಕ್ಕೆ ಸುರಿಯುವುದು. ಮೀನುಗಳಿಗೆ ಅದಕ್ಕಿಂತ ಇಷ್ಟವಾದ ಭೋಜನವಿಲ್ಲ. ಈ ಕೆಲಸಕ್ಕೆ ಬಿಡುವಿಲ್ಲದವರು ಬಾನಿಯನ್ನು ಕವುಚಿ ಹಾಕಿಬಿಡುವುದೇ ನೆರೆಹೊರೆಗೆ ಕ್ಷೇಮ.

ಎರಡು ನೀರುಗಳನ್ನಿಟ್ಟವನ ಹಿತ್ತಲಿನಲ್ಲಿ ಮಳೆಗಾಲದ ರಾತ್ರಿ ಕಿವಿಗೊಟ್ಟರೆ ಧ್ವನಿಗಳು ಬೇರೆಬೇರೆಯಾಗಿ ಬಿಡಿಸಿಕೊಳ್ಳುವುವು. ಋಗ್ವೇದದ ಏಳನೆಯ ಮಂಡಲದ ಮಂಡೂಕಸೂಕ್ತದಲ್ಲಿ ಒಂದು ಕಪ್ಪೆಗೆ ಹಸುವಿನ ದನಿ, ಇನ್ನೊಂದಕ್ಕೆ ಆಡಿನ ದನಿ, ಒಂದು ಚುಕ್ಕೆಯದು, ಇನ್ನೊಂದು ಹಸುರಿನದು ಎಂಬ ಭೇದಗಳನ್ನು ಆ ಋಷಿ ಎಣಿಸಿರುವುದನ್ನು ನೋಡಿದರೆ, ಅವನು ಒಂದಕ್ಕಿಂತ ಹೆಚ್ಚು ಜಾತಿಗಳು ಕೂಡಿದ್ದ ನೀರಿನ ದಡದಲ್ಲಿಯೇ ಕುಳಿತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಈ ಸಂಗೀತಕ್ಕೆ ಕೊಡಬೇಕಾದ ತೆರಿಗೆಯೂ ಉಂಟು. ಕಪ್ಪೆಯಿದ್ದಲ್ಲಿಗೆ ನೀರೊಳ್ಳೆ ಹಾವು ಬರುವುದು. ಅದಕ್ಕೆ ವಿಷವಿಲ್ಲವಾದರೂ ಮನೆಯವರಿಗೆ ಅದನ್ನು ಒಪ್ಪಿಸುವುದು ಸುಲಭವಲ್ಲ. ಶೃಂಗೇರಿಯಲ್ಲಿ ತುಂಗೆಯ ದಡದ ಕಪ್ಪೆಶಂಕರನ ಸನ್ನಿಧಿಯಲ್ಲಿ, ಪ್ರಸವವೇದನೆಯ ಕಪ್ಪೆಗೆ ಸರ್ಪವು ಹೆಡೆಯನ್ನೆತ್ತಿ ನೆರಳಾದ ಐತಿಹ್ಯವನ್ನು ಕಲ್ಲಿನಲ್ಲಿ ಕಾಣಬಹುದು. ಅಂಥ ಸರ್ಪವನ್ನು ನಮ್ಮ ಹಿತ್ತಲಿನಲ್ಲಿ ನಿರೀಕ್ಷಿಸುವುದು ಕ್ಷೇತ್ರಮಹಿಮೆಗೆ ಅಪಚಾರ.

ಗೆಳೆಯರ ಕೊಳದಿಂದ ಮೊಟ್ಟೆಯ ಸರವನ್ನು ಬಕೆಟಿನಲ್ಲಿ ತಂದು ತಮ್ಮ ಕೊಳಕ್ಕೆ ಬಿಟ್ಟುಕೊಳ್ಳುವ ಹವ್ಯಾಸವೊಂದು ಅಲ್ಲಲ್ಲಿ ಕಾಣುತ್ತದೆ. ಅದು ಸಲ್ಲದು. ಕಪ್ಪೆಗಳ ಚರ್ಮಕ್ಕೆ ತಗುಲಿ ಅನೇಕ ದೇಶಗಳಲ್ಲಿ ಅವುಗಳ ಸಂತತಿಯನ್ನು ಸವರಿಹಾಕಿದ ಕೈಟ್ರಿಡ್ ಶಿಲೀಂಧ್ರವನ್ನು ವಿಜ್ಞಾನಿಗಳು 1999ರಲ್ಲಿ ವರ್ಣಿಸಿ ಹೆಸರಿಟ್ಟರು. ಅದು ನಮ್ಮ ಪಶ್ಚಿಮಘಟ್ಟದಲ್ಲಿಯೂ ಪತ್ತೆಯಾಗಿದೆ, ನೀರಿನೊಡನೆ ಪ್ರಯಾಣ ಮಾಡುತ್ತದೆ. ಊರು ಬಿಟ್ಟ ನೆಲಗಪ್ಪೆ ತಾನೇ ಎಂಥ ಪೀಡೆಯಾಗಬಲ್ಲದೆಂಬುದಕ್ಕೆ ಮಡಗಾಸ್ಕರ್ ಸಾಕ್ಷಿ. ಹಡಗಿನ ಸರಕಿನೊಡನೆ ಟೊಆಮಸಿನಾ ಬಂದರಿನ ಬಳಿ ಸೇರಿಕೊಂಡ ನಮ್ಮ ಏಷ್ಯದ ನೆಲಗಪ್ಪೆ 2014ರಲ್ಲಿ ಅಲ್ಲಿ ಬೆಳಕಿಗೆ ಬಂತು, ಆ ವಿಷದ ಪರಿಚಯವಿಲ್ಲದ ಅಲ್ಲಿನ ಪ್ರಾಣಿಗಳಿಗೆ ಗಂಡಾಂತರವಾಗಿ ನಿಂತಿದೆ. ನೀರಿದ್ದರೆ ಕಪ್ಪೆ ತಾನಾಗಿ ಬರುವುದು. ಎರಡು ಮಳೆಗಾಲ ಕಾಯಬೇಕಾದರೂ ಕಾಯಬೇಕು.

ಕೊಳವನ್ನು ತೊಳೆಯುವ ಕೆಲಸವೇನಿದ್ದರೂ ಶಿವರಾತ್ರಿಯ ಹೊತ್ತಿಗೆ ಮುಗಿಸಿಕೊಂಡು, ಅಶ್ವಿನಿ ಮಳೆಯಿಂದ ಆಶ್ಲೇಷೆಯವರೆಗೆ ತಳದ ಕೆಸರನ್ನು ಕದಡದೆ ಬಿಡತಕ್ಕದ್ದು. ನಡುವೆ ನೀರು ಇಳಿದರೆ ಮಳೆಯ ನೀರನ್ನು ಸೇರಿಸಬಹುದು. ನಲ್ಲಿಯ ನೀರನ್ನೇ ಸೇರಿಸಬೇಕಾಗಿ ಬಂದರೆ ಕ್ಲೋರಿನ್ನಿನ ಘಾಟು ಹೋಗುವಂತೆ ಒಂದು ಹಗಲು ಒಂದು ರಾತ್ರಿ ಬಾಯಗಲದ ಹಂಡೆಯಲ್ಲಿ ತೆರೆದಿಟ್ಟು, ಆ ಬಳಿಕ ಅಂಚಿನಿಂದ ಮೆಲ್ಲನೆ ಸುರಿಯಬೇಕು.