ವನಯಾತ್ರೆಯೂ ಹಾಸ್ಯರಸವೂ

ಯಾತ್ರೆಯೆಂಬುದು ನಮ್ಮ ಜನಕ್ಕೆ ಹೊಸದಲ್ಲ. ಕಾಶೀರಾಮೇಶ್ವರಗಳಿಗೆ ಹೋಗಿಬಂದವರು ಹಿಂದೆ ಊರಿಗೊಬ್ಬರಾದರೂ ಇರುತ್ತಿದ್ದರು. ಅವರು ಜಗಲಿಯ ಮೇಲೆ ಕುಳಿತು ಹೇಳುತ್ತಿದ್ದ ಕಥೆಗಳಲ್ಲಿ ದೇವರ ದರ್ಶನದ ಮಾತು ಎಷ್ಟಿರುತ್ತಿತ್ತೋ, ದಾರಿಯಲ್ಲಿ ಬುತ್ತಿಯ ಗಂಟು ಕಳೆದುಹೋದುದು, ಪರಭಾಷೆ ತಿಳಿಯದೆ ಪಟ್ಟ ಪಾಡು, ಜೊತೆಗೆ ಬಂದ ನೆಂಟರ ಮುನಿಸು, ಇವುಗಳ ಮಾತೂ ಅಷ್ಟೇ ಇರುತ್ತಿತ್ತು. ಕೇಳುವವರು ಮೊದಲನೆಯದಕ್ಕೆ ಕೈಮುಗಿಯುತ್ತಿದ್ದರು, ಎರಡನೆಯದಕ್ಕೆ ಹೊಟ್ಟೆತುಂಬ ನಗುತ್ತಿದ್ದರು. ಆದರೆ ಯಾತ್ರೆಯನ್ನು ಬರೆದಿಡುವ ಕಾಲಕ್ಕೆ ಕ್ಷೇತ್ರಮಹಾತ್ಮ್ಯವೇ ಉಳಿದು, ನಗೆ ಜಗಲಿಯಲ್ಲಿಯೇ ನಿಂತುಬಿಡುತ್ತಿತ್ತು.

ಕನ್ನಡದ ಗದ್ಯವು ಈ ಸಂಕೋಚವನ್ನು ತೊರೆದುದು ಇಪ್ಪತ್ತನೆಯ ಶತಮಾನದಲ್ಲಿ. 1933ರಲ್ಲಿ ಹೊರಬಂದ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಕಾಡುಬೆಟ್ಟಗಳ ಗಾಂಭೀರ್ಯದ ನಡುವೆ ನಗೆಗೂ ಒಂದು ಮಣೆ ಹಾಕಿತು. ಹೇಮಾವತೀತೀರದ ಹಳ್ಳಿಯ ಕಣ್ಣಿನಿಂದಲೇ ದೂರದ ಖಂಡವನ್ನು ನೋಡಿದ 'ಅಮೆರಿಕದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆಯಿತು. ಆದರೂ ಗಿರಿ, ವನ, ಜಲಪಾತಗಳ ಸಂಚಾರವನ್ನೇ ವಸ್ತುವನ್ನಾಗಿ ಹಿಡಿದು, ಅದನ್ನು ಆದ್ಯಂತವಾಗಿ ಹಾಸ್ಯದಲ್ಲಿ ನಡೆಯಿಸಿದ ಕೃತಿಗಳೆಂದರೆ ಎರಡು ಮುಖ್ಯವಾಗಿ ನೆನಪಿಗೆ ಬರುತ್ತವೆ. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಒಂದು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಮತ್ತೊಂದು. ಮೊದಲನೆಯದು ಪ್ರಬಂಧರೂಪದ ಪ್ರವಾಸಕಥನ, ಎರಡನೆಯದು ಕಾದಂಬರಿ. ಜಾತಿ ಬೇರೆಯಾದರೂ ಎರಡರಲ್ಲಿಯೂ ಒಂದು ದಂಡು ಕಾಡಿಗೆ ಹೊರಡುತ್ತದೆ, ದಾರಿಯುದ್ದಕ್ಕೂ ಎಡವುತ್ತದೆ, ಓದುಗನನ್ನು ನಗಿಸುತ್ತದೆ. ಹೀಗೆ ನಗಿಸಿದುದರಿಂದ ಕಾಡಿನ ಗೌರವಕ್ಕೆ ಕುಂದು ಬಂದಿತೆ ಎಂಬುದೇ ಇಲ್ಲಿ ವಿಚಾರಣೀಯವಾದ ಪ್ರಶ್ನೆ.

ಪ್ರಶ್ನೆ ನಿರಾಧಾರವಾದುದಲ್ಲ. ಹಾಸ್ಯಕ್ಕೆ ಭಯಾನಕ ಮತ್ತು ಕರುಣಗಳು ವಿರೋಧಿಗಳೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಎಣಿಸಿರುವನು. ಅರಣ್ಯದಲ್ಲಿ ಈ ಎರಡಕ್ಕೂ ಕೊರತೆಯಿಲ್ಲ. ಆನೆಯ ಹಿಂಡು ಎದುರಾದಾಗ ಮನಸ್ಸಿಗೆ ಬರುವುದು ಭಯ; ಕಾಡನ್ನೇ ಮನೆಯೆಂದು ನಂಬಿದ್ದವರು ಅದನ್ನು ಕಳೆದುಕೊಂಡುದನ್ನು ಕಂಡಾಗ ಬರುವುದು ಕರುಣೆ. ಈ ಎರಡರ ನಡುವೆ ನಗೆಗೆ ಎಡೆಯೆಲ್ಲಿ? ಇದಕ್ಕೆ ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಸಮಾಧಾನವನ್ನು ಸೂಚಿಸಿರುವನು. ವಿರೋಧಿಗಳಾದ ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿ ಇರಿಸಿದರೆ ದೋಷವಿಲ್ಲ. ಎರಡರ ನಡುವೆ ಮತ್ತೊಂದು ರಸವನ್ನು ತಂದರೂ ದೋಷವಿಲ್ಲ. ನಮ್ಮ ಇಬ್ಬರು ಲೇಖಕರು ಈ ಸೂತ್ರವನ್ನು ಎದುರಿಗಿಟ್ಟುಕೊಂಡು ಬರೆದರೆಂದು ಹೇಳುವುದು ಅಸಂಗತ. ಆದರೆ ಅವರ ಕೃತಿಗಳು ನಡೆದಿರುವುದು ಇದೇ ದಾರಿಯಲ್ಲಿ.

ಸ್ವಾಮಿಯವರು (1918-1980) ಡಿ. ವಿ. ಗುಂಡಪ್ಪನವರ ಪುತ್ರರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಶಿಷ್ಯವರ್ಗವನ್ನು ಕರೆದುಕೊಂಡು ಪಶ್ಚಿಮಘಟ್ಟಗಳಲ್ಲಿ ನಡೆಯಿಸಿದ ಅಧ್ಯಯನ ಪ್ರವಾಸಗಳೇ 'ಹಸುರು ಹೊನ್ನಿ'ನ ಸಾಮಗ್ರಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯು ಇದನ್ನು ಪುರಸ್ಕರಿಸಿತು. ಗಿಡಮರಗಳ ರೇಖಾಚಿತ್ರಗಳನ್ನು ಗ್ರಂಥಕರ್ತರೇ ಬರೆದಿರುವರು. ಸಸ್ಯಶಾಸ್ತ್ರದ ಪುಸ್ತಕವನ್ನು ಮನೆಯ ಹೆಂಗಸರೂ ಮಕ್ಕಳೂ ಕಥೆಯಂತೆ ಓದುವರೆಂದು ಅದಕ್ಕೆ ಮೊದಲು ಯಾರಾದರೂ ಹೇಳಿದ್ದರೆ ನಂಬುವವರು ವಿರಳವಾಗಿದ್ದರು.

ಇದು ಹೇಗೆ ಸಾಧ್ಯವಾಯಿತು? ಭರತಮುನಿಯು ಹಾಸ್ಯವನ್ನು ಆತ್ಮಸ್ಥವೆಂದೂ ಪರಸ್ಥವೆಂದೂ ವಿಂಗಡಿಸಿರುವನು. ತಾನೇ ನಗುವುದು ಆತ್ಮಸ್ಥ. ಇತರರನ್ನು ನಗಿಸುವುದು ಪರಸ್ಥ. ಈ ಹೆಸರುಗಳನ್ನು ಸ್ವಲ್ಪ ಹಿಗ್ಗಿಸಿ, ತನ್ನನ್ನೇ ನೋಡಿ ನಗುವ ನಗೆ, ಪರರನ್ನು ನೋಡಿ ನಗುವ ನಗೆ ಎಂದು ಭಾವಿಸಿದರೆ ಸ್ವಾಮಿಯವರ ಗುಟ್ಟು ತಿಳಿಯುತ್ತದೆ. ಅವರ ಪುಸ್ತಕದಲ್ಲಿ ಶಿಷ್ಯರ ಕುಚೇಷ್ಟೆಯಿದೆ, ಹಸಿವಿದೆ, ಅರೆತಿಳಿವಳಿಕೆಯಿದೆ. ಗುರುವಿನ ಪೇಚಾಟವೂ ಇದೆ. ಹಾಸ್ಯಕ್ಕೆ ಆಲಂಬನವಾಗುವುದು ಮನುಷ್ಯನ ದಂಡು. ಮರ, ಬಳ್ಳಿ, ಹೂವುಗಳು ಎಂದಿಗೂ ನಗೆಪಾಟಲಿಗೆ ಗುರಿಯಾಗುವುದಿಲ್ಲ. ಗಿಡದ ಮುಂದೆ ನಿಂತ ಕ್ಷಣದಲ್ಲಿ ಬರಹದ ಧ್ವನಿಯೇ ಬದಲಾಗಿ ಅದ್ಭುತರಸವು ತಲೆದೋರುತ್ತದೆ. ಮನುಷ್ಯನು ಚಿಕ್ಕವನಾಗಿ ಕಂಡಷ್ಟೂ ಕಾಡು ದೊಡ್ಡದಾಗಿ ಕಾಣುತ್ತದೆ. ಆಶ್ರಯಭೇದವೆಂದರೆ ಇದೇ. ಇಲ್ಲಿನ ಹಾಸ್ಯವು ಪಾಠದ ಮೇಲೆ ಸವರಿದ ಬೆಲ್ಲವಲ್ಲ. ಅಹಂಕಾರವನ್ನು ಇಳಿಸಿ, ನೋಡುವ ಕಣ್ಣನ್ನು ತೆರೆಯುವ ಸಾಧನ.

ದೋಷವಿಲ್ಲವೆಂದಲ್ಲ. ಕೆಲವೆಡೆ ಸಸ್ಯನಾಮಗಳ ಭಾರಕ್ಕೆ ಕಥೆಯ ಬೆನ್ನು ಬಾಗುತ್ತದೆ. ಶಿಷ್ಯರ ಮೌಢ್ಯವು ಪದೇ ಪದೇ ಹಾಸ್ಯಕ್ಕೆ ಒದಗುವಾಗ, ಗುರುವಿನ ಸ್ಥಾನದಲ್ಲಿರುವವರಿಗೆ ಈ ನಗೆ ತೀರ ಸುಲಭವಾಗಿ ದೊರೆಯಿತಲ್ಲವೆ ಎಂಬ ಶಂಕೆ ಸಹೃದಯರಿಗೆ ಬರಬಹುದು. ಉತ್ತಮರಿಗೆ ಸ್ಮಿತ ಮತ್ತು ಹಸಿತ, ಮಧ್ಯಮರಿಗೆ ವಿಹಸಿತ ಮತ್ತು ಉಪಹಸಿತ, ಅಧಮರಿಗೆ ಅಪಹಸಿತ ಮತ್ತು ಅತಿಹಸಿತ ಎಂದು ಭರತನು ಮಾಡಿದ ಆರು ಭೇದಗಳಲ್ಲಿ, ಸ್ವಾಮಿಯವರು ಬಹುಮಟ್ಟಿಗೆ ಮೊದಲ ಎರಡರಲ್ಲಿ ನಿಂತು, ಅಲ್ಲಲ್ಲಿ ಉಪಹಸಿತಕ್ಕೆ ಇಳಿಯುವರು. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

1980ರಲ್ಲಿ ಪ್ರಕಟವಾದ 'ಕರ್ವಾಲೊ' ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಮೂಡಿಗೆರೆಯ ಕಡೆಯ ವಿಜ್ಞಾನಿ ಕರ್ವಾಲೊ, ಕಥೆ ಹೇಳುವ ಕೃಷಿಕ, ಬಿರಿಯಾನಿ ಕರಿಯಪ್ಪ, ಎಂಗ್ಟ, ಪ್ರಭಾಕರ, ಕಿವಿ ಎಂಬ ನಾಯಿ, ಇವರ ಜೊತೆಗೆ ಮಂದಣ್ಣ: ಇಷ್ಟು ಮಂದಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಘಟ್ಟದ ಕಾಡನ್ನು ಹೊಗುವರು. ಮೆರವಣಿಗೆಯನ್ನು ನೋಡಿದರೆ ಪ್ರಹಸನದ ದಂಡಿನಂತಿದೆ. ಊರಿನವರ ಕಣ್ಣಿಗೆ ಮಂದಣ್ಣನು ಕೆಲಸಕ್ಕೆ ಬಾರದವನು. ಓದುಗನೂ ಮೊದಮೊದಲು ಅವನನ್ನು ನೋಡಿ ನಗುತ್ತಾನೆ. ಆದರೆ ವಿಜ್ಞಾನಿಯು ಅವನಲ್ಲಿ ಹುಟ್ಟು ಪ್ರಕೃತಿಶಾಸ್ತ್ರಜ್ಞನನ್ನು ಕಾಣುವನು. ಆಗ ಓದುಗನ ನಗೆ ತಿರುಗಿ ಓದುಗನ ಮೇಲೆಯೇ ಬೀಳುತ್ತದೆ. ಕಡೆಯಲ್ಲಿ ಓತಿಯು ಕೈಗೆ ಸಿಕ್ಕದೆ ಪ್ರಪಾತದ ಮೇಲೆ ತೇಲಿಹೋಗುವಾಗ ಹಾಸ್ಯವು ಸದ್ದಿಲ್ಲದೆ ಅದ್ಭುತಕ್ಕೆ ದಾರಿ ಬಿಟ್ಟು ಸರಿಯುತ್ತದೆ. ಅಷ್ಟು ದೂರ ನಗುತ್ತ ನಡೆದು ಬಂದವನಿಗಲ್ಲದೆ ಆ ಮೌನದ ಬೆಲೆ ಬೇರೆಯವರಿಗೆ ತಿಳಿಯಲಾರದು.

ಈ ವಿಚಾರವು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ವಾಚಕರಿಗೆ ದೂರದ್ದಲ್ಲ. ಹುಣಸೂರಿನಿಂದ ನಾಗರಹೊಳೆಯ ಕಾಡನ್ನು ಹಾದು ಕುಟ್ಟವನ್ನು ಸೇರಿ, ಅಲ್ಲಿಂದ ಬ್ರಹ್ಮಗಿರಿಯ ಮಡಿಲಿನ ಇರ್ಪು ಜಲಪಾತಕ್ಕೆ ಹೋಗುವ ದಾರಿಯಲ್ಲಿ ಗಿರಿ, ವನ, ಜಲಪಾತ ಮೂರೂ ಒಂದೇ ದಿನದಲ್ಲಿ ದೊರೆಯುತ್ತವೆ. ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥವೇ ಹುಣಸೂರಿನ ಮಗ್ಗುಲಲ್ಲಿ ಹರಿಯುವ ಹೊಳೆ. ನಾಗರಹೊಳೆಯು 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇಂದು ರಜೆ ಬಂದರೆ ಕಾರುಗಳ ಸಾಲು. ಕಾರಿನೊಳಗೆ ನಗೆ, ಕೇಕೆ. ಹಿಂದಿರುಗಿದವರು ಬರೆಯುವುದೂ ಉಂಟು. ಆದರೆ ಆನೆ ಕಾಣಲಿಲ್ಲ, ಊಟ ಸೊಗಸಾಗಿರಲಿಲ್ಲ, ಕಾಡಿನ ಹಾಡಿಯವನ ಮಾತು ವಿಚಿತ್ರವಾಗಿತ್ತು ಎಂಬುದಕ್ಕಿಂತ ಹೆಚ್ಚಿನ ಹಾಸ್ಯ ಅಲ್ಲಿ ದುರ್ಲಭ. ಹಾಡಿಯವನ ಮಾತನ್ನು ಅಣಕಿಸುವ ನಗೆಯೇ ಭರತನು ಅಧಮರಿಗೆಂದು ಬಿಟ್ಟ ಅಪಹಸಿತ.

ಏಕೆಂದರೆ ಆ ಹಾಡಿಯವನ ಹಿಂದೆ ಕರುಣದ ಒಂದು ಕಥೆಯಿದೆ. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದಾಗ ಕಾಕನಕೋಟೆಯ ಕಾಡಿನ ಬಹುಭಾಗ ನೀರಿನ ಪಾಲಾಯಿತು. ಮಾಸ್ತಿಯವರು 'ಕಾಕನಕೋಟೆ' ನಾಟಕದಲ್ಲಿ ಯಾವ ಜನದ ಬಾಳನ್ನು ಚಿತ್ರಿಸಿದರೋ ಆ ಜನದ ನೆಲೆ ಅದು. ಮುಂದೆ ನಾಗರಹೊಳೆಯ ಜೇನುಕುರುಬ ಮೊದಲಾದವರ ಹಲವು ಕುಟುಂಬಗಳು ಕಾಡನ್ನು ಬಿಟ್ಟು ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿ ನೆಲೆಗಳಿಗೆ ಬಂದವು. ಇವರು ಮಂದಣ್ಣನ ಕುಲಕ್ಕೆ ಸೇರಿದವರಲ್ಲದಿರಬಹುದು. ಆದರೆ ಗುಣದಲ್ಲಿ ಅವನ ಬಂಧುಗಳು. ಜೇನಿನ ಹಾದಿಯನ್ನೂ ಬೇರಿನ ಗುಣವನ್ನೂ ಬಲ್ಲವರನ್ನು ದಾರಿಯ ಮಗ್ಗುಲಿನ ವಿನೋದವಾಗಿ ಮಾಡುವ ಪ್ರವಾಸಕಥನವು ಎಷ್ಟು ನಗಿಸಿದರೂ ರಸಾಭಾಸವೇ. ಅವರನ್ನು ಗುರುಸ್ಥಾನದಲ್ಲಿರಿಸಿ, ಕಾರಿನೊಳಗಿನವನನ್ನು ನಗೆಗೆ ಗುರಿಮಾಡುವ ಲೇಖಕನು ಈ ಸೀಮೆಗೆ ಇನ್ನೂ ಬರಬೇಕಾಗಿದೆ.

ಅವನಿಗೆ ಸಾಮಗ್ರಿಯ ಅಭಾವವಿಲ್ಲ. ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯಲ್ಲಿ ಕಾವೇರಿಯು ಭೋರ್ಗರೆದು ಬೀಳುತ್ತಾಳೆ. ಪಕ್ಕದಲ್ಲಿಯೇ ಕೋದಂಡರಾಮನ ಗುಡಿ. ಅಲ್ಲಿ ಸೀತಾದೇವಿಯು ರಾಮನ ಬಲಗಡೆ ನಿಂತಿರುವಳು. ಹೊರಗಿನ ಅಷ್ಟು ದೊಡ್ಡ ಭೋರ್ಗರೆತವು ಗರ್ಭಗುಡಿಯೊಳಗೆ ಕೇಳಿಸದೆಂದು ಜನರು ಇಂದಿಗೂ ಹೇಳುವರು. ಭಕ್ತಿಯನ್ನೂ ನಗೆಯನ್ನೂ ಒಂದೇ ಮಾತಿನಲ್ಲಿ ಹಿಡಿಸಬಲ್ಲ ಜನರ ನಾಡಿದು. ಆ ಜನರ ಜಗಲಿಯ ಮಾತನ್ನು ಕೇಳಿ, ಸ್ವಾಮಿಯವರಿಂದ ಗಿಡದ ಮುಂದೆ ಮೌನವನ್ನೂ, ತೇಜಸ್ವಿಯವರಿಂದ ಮಂದಣ್ಣನ ಮುಂದೆ ವಿನಯವನ್ನೂ ಕಲಿತವನು ಹುಣಸೂರಿನ ದಾರಿಯಲ್ಲಿ ಹೊರಟರೆ, ಕನ್ನಡಕ್ಕೆ ಅಂತಹ ಮೂರನೆಯದೊಂದು ಪುಸ್ತಕ ದೊರೆಯುವುದರಲ್ಲಿ ಸಂಶಯವಿಲ್ಲ. ಅದು ಬರುವವರೆಗೆ ಈ ಎರಡನ್ನೂ ಮನೆಯವರೆಲ್ಲ ಕುಳಿತು ಓದುವುದು, ಓದಿದ ಮೇಲೆಯೇ ಕಾಡಿಗೆ ಹೋಗುವುದು ಶ್ರೇಯಸ್ಕರ.