ಶುಕ್ರವಾರದ ಜಾತಕ

ಪಿಕ್ಸಾರ್ ಸಂಸ್ಥೆಯ ‘ಲೈಟ್‌ಇಯರ್’ ತೆರೆಕಂಡದ್ದು 2022ರ ಜೂನ್ ಮಧ್ಯದಲ್ಲಿ. ಮರುವರ್ಷ ಅದೇ ಹೊತ್ತಿಗೆ ‘ಎಲಿಮೆಂಟಲ್’ ಬಂತು. ಎರಡಕ್ಕೂ ಸುಮಾರು 20 ಕೋಟಿ ಡಾಲರ್ ಖರ್ಚಾಗಿತ್ತು. ಉತ್ತರ ಅಮೆರಿಕದ ಮೊದಲ ಮೂರು ದಿನಗಳಲ್ಲಿ ಲೈಟ್‌ಇಯರ್ 5 ಕೋಟಿ ಡಾಲರಿಗೆ ತುಸು ಹೆಚ್ಚು ಗಳಿಸಿದರೆ ಎಲಿಮೆಂಟಲ್ 3 ಕೋಟಿಯನ್ನೂ ಮುಟ್ಟಲಿಲ್ಲ. ಪಿಕ್ಸಾರ್ ಮುಳುಗಿತು ಎಂಬ ಧಾಟಿಯಲ್ಲಿ ವರದಿಗಳು ಬಂದವು. ಕೊನೆಯ ಲೆಕ್ಕ ಬೇರೆಯೇ ಆಯಿತು: ಜಗತ್ತಿನಾದ್ಯಂತ ಲೈಟ್‌ಇಯರ್‌ಗೆ ಸಿಕ್ಕಿದ್ದು ಸುಮಾರು 22.6 ಕೋಟಿ, ಎಲಿಮೆಂಟಲ್‌ಗೆ 49 ಕೋಟಿಗೂ ಮೇಲೆ.

ಇಲ್ಲಿ ಭವಿಷ್ಯ ಹೇಳುವವರು ತೀರಾ ಎಡವಿರಲಿಲ್ಲ ಎಂಬುದೇ ಸ್ವಾರಸ್ಯ. ಎಲಿಮೆಂಟಲ್‌ನ ಓಪನಿಂಗ್ ಮೂರು–ನಾಲ್ಕು ಕೋಟಿ ಡಾಲರಿನ ಆಸುಪಾಸು ಎಂದಿದ್ದರು, ಹತ್ತಿರಹತ್ತಿರ ಅಷ್ಟೇ ಬಂತು. ತಪ್ಪಿದ್ದು ಅಂಕಿಯಲ್ಲ, ಆ ಅಂಕಿಯೇ ಚಿತ್ರದ ಹಣೆಬರಹ ಎಂಬ ನಂಬಿಕೆ. ಮನೆಮಂದಿಯ ಅನಿಮೇಷನ್ ಚಿತ್ರಗಳ ಮಟ್ಟಿಗೆ ಈ ಉದ್ಯಮ ಅಳೆಯಬಾರದ್ದನ್ನು ಬಹಳ ಶ್ರದ್ಧೆಯಿಂದ ಅಳೆಯುತ್ತಿದೆ ಎಂಬುದು ನನ್ನ ತಕರಾರು.

ಹಾಲಿವುಡ್ಡಿನ ಪದ್ಧತಿ ಸರಳ. ಬಿಡುಗಡೆಗೆ ಕೆಲವು ವಾರ ಮೊದಲೇ ನ್ಯಾಷನಲ್ ರಿಸರ್ಚ್ ಗ್ರೂಪ್‌ನಂಥ ಸಂಸ್ಥೆಗಳು ಜನರನ್ನು ವಿಚಾರಿಸುತ್ತವೆ: ಈ ಚಿತ್ರದ ಹೆಸರು ಕೇಳಿದ್ದೀರಾ, ನೋಡುವ ಮನಸ್ಸಿದೆಯೇ, ನಿಮ್ಮ ಮೊದಲ ಆಯ್ಕೆ ಯಾವುದು? ದೆವ್ವದ ಚಿತ್ರಕ್ಕೋ ಸೂಪರ್‌ಹೀರೋ ಚಿತ್ರಕ್ಕೋ ಇದು ಸಾಕು, ಉತ್ತರ ಕೊಟ್ಟವನೇ ಟಿಕೆಟ್ ಕೊಳ್ಳುತ್ತಾನೆ. ಮಕ್ಕಳ ಚಿತ್ರದಲ್ಲಿ ಹಟ ಹಿಡಿಯುವವರು ಒಬ್ಬರು, ಉತ್ತರ ಕೊಡುವವರು ಇನ್ನೊಬ್ಬರು. ಐದು ವರ್ಷದ ಹುಡುಗಿಯನ್ನು ಯಾರೂ ವಿಚಾರಿಸುವುದಿಲ್ಲ. ಅವಳ ಅಪ್ಪ–ಅಮ್ಮ ನಿರ್ಧರಿಸುವುದು ಶನಿವಾರ ಬೆಳಿಗ್ಗೆ, ಮಗುವಿನ ಮೂಗು ಸೋರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ. ನಾಲ್ಕು ಟಿಕೆಟ್ಟು, ಪಾಪ್‌ಕಾರ್ನು ಸೇರಿ ಆಗುವ ಖರ್ಚಿಗೆ ಹೆದರಿ, ನೋಡಿ ಬಂದವರ ಮಾತಿಗಾಗಿ ಕಾಯುವವರೇ ಹೆಚ್ಚು. ಬೇಸಿಗೆ ರಜೆಯಿದ್ದರೆ ಅವಸರವೂ ಇಲ್ಲ, ಮಂಗಳವಾರವೂ ಹೋಗಬಹುದು. 2022ರ ಕ್ರಿಸ್‌ಮಸ್ ವಾರದಲ್ಲಿ ಬಂದ ‘ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್’ನ ಮೊದಲ ವಾರಾಂತ್ಯದ ಗಳಿಕೆ ಕೇವಲ 1.24 ಕೋಟಿ ಡಾಲರ್. ಉತ್ತರ ಅಮೆರಿಕ ಒಂದರಲ್ಲೇ ಅದು ಕೊನೆಗೆ ಸುಮಾರು ಹದಿನೈದು ಪಟ್ಟಾಯಿತು.

ಚಿತ್ರಮಂದಿರದಿಂದ ಹೊರಬರುವವರ ಕೈಯಲ್ಲೇ ಗ್ರೇಡ್ ಕೊಡಿಸುವ ಸಿನಿಮಾಸ್ಕೋರ್ ಇದೆಯಲ್ಲ ಎನ್ನಬಹುದು. ಎಲಿಮೆಂಟಲ್‌ಗೆ ಅದು ಕೊಟ್ಟದ್ದು ‘ಎ’, ಲೈಟ್‌ಇಯರ್‌ಗೆ ‘ಎ ಮೈನಸ್’. ಮಕ್ಕಳನ್ನು ಕರೆತಂದವರು ಮಾಸ್ತರಿಕೆಯಲ್ಲಿ ತುಂಬ ಧಾರಾಳಿಗಳು. ಮಗು ಅಳದೆ ಕೂತಿತ್ತೆಂದರೆ ಪೂರ್ತಿ ಅಂಕ. ಹಾಗಾಗಿ ಈ ಬಗೆಯ ಚಿತ್ರಕ್ಕೆ ‘ಎ ಮೈನಸ್’ ಬಂದರೆ ವಿತರಕ ಬೆವರಬೇಕು. ಇನ್ನು, ಎಲಿಮೆಂಟಲ್ ದಕ್ಷಿಣ ಕೊರಿಯಾದಲ್ಲಿ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರುತ್ತದೆಂದು ಅಮೆರಿಕದ ಯಾವ ಪ್ರಶ್ನಾವಳಿ ಹೇಳೀತು? ನಿರ್ದೇಶಕ ಪೀಟರ್ ಸೋನ್ ಕೊರಿಯಾದಿಂದ ವಲಸೆ ಬಂದ ದಂಪತಿಯ ಮಗ. ಅಪ್ಪನ ಅಂಗಡಿಯ ಋಣ ಹೊತ್ತ ಮಗಳ ಕಥೆ ಅಲ್ಲಿನವರಿಗೆ ತಮ್ಮದೇ ಅನ್ನಿಸಿರಬೇಕು.

ತಪ್ಪು ಮೇಲ್ಮುಖವಾಗಿಯೂ ಆಗುತ್ತದೆ. 2024ರ ‘ಇನ್‌ಸೈಡ್ ಔಟ್ 2’ಕ್ಕೆ 9 ಕೋಟಿಯ ಆಸುಪಾಸು ಎಂದು ಅಂದಾಜಿಸಿದ್ದರೆ ಮೂರೇ ದಿನದಲ್ಲಿ ಬಂದದ್ದು 15.4 ಕೋಟಿ ಡಾಲರ್. ಎಲಿಮೆಂಟಲ್ ಇಡೀ ಉತ್ತರ ಅಮೆರಿಕದಲ್ಲಿ ತಿಂಗಳುಗಟ್ಟಲೆ ಓಡಿ ಗಳಿಸಿದ್ದೂ ಹೆಚ್ಚುಕಡಿಮೆ ಅಷ್ಟೇ! ಮುಂದುವರಿದ ಭಾಗ ತಾನೇ, ಗೆದ್ದೇ ಗೆಲ್ಲುತ್ತದೆ ಎಂದು ಆಮೇಲೆ ಎಲ್ಲರೂ ಹೇಳಿದರು. ಲೈಟ್‌ಇಯರ್ ಕೂಡ ‘ಟಾಯ್ ಸ್ಟೋರಿ’ಯ ಮನೆತನದ್ದೇ ಎಂಬುದು ಆ ಹೊತ್ತಿಗೆ ಮರೆತುಹೋಗಿತ್ತು.

ವಿದ್ವಾಂಸರೂ ಸುಮ್ಮನಿಲ್ಲ. ರಮೇಶ್ ಶಾರದಾ ಮತ್ತು ದುರ್ಸುನ್ ದೆಲೆನ್ 2006ರಲ್ಲಿ 834 ಚಿತ್ರಗಳನ್ನು ಗಳಿಕೆಗೆ ತಕ್ಕಂತೆ ಒಂಬತ್ತು ವರ್ಗ ಮಾಡಿ ನ್ಯೂರಲ್ ನೆಟ್‌ವರ್ಕ್‌ಗೆ ಊಡಿದರು. ಸರಿಯಾದ ವರ್ಗವನ್ನೇ ಅದು ಗುರುತಿಸಿದ್ದು ಶೇ 37ರಷ್ಟು ಸಲ. ಊಡಿದ ಮಾಹಿತಿಯಲ್ಲಿ ತೆರೆಗಳ ಸಂಖ್ಯೆಯೂ ಇತ್ತು. ಆದರೆ ಎಷ್ಟು ತೆರೆ ಕೊಡಬೇಕೆಂದು ಪ್ರದರ್ಶಕ ತೀರ್ಮಾನಿಸುವುದೇ ಚಿತ್ರ ಎಷ್ಟು ಓಡೀತು ಎಂಬ ಊಹೆಯ ಮೇಲೆ. ಊಹೆಯನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿದ ಹಾಗಾಯಿತು.

ನಮ್ಮಲ್ಲಿ ಇದಕ್ಕೆ ತಕ್ಕ ಉದಾಹರಣೆ ‘ಮಹಾವತಾರ ನರಸಿಂಹ’. ಅಶ್ವಿನ್ ಕುಮಾರ್ ನಿರ್ದೇಶನದ ಈ ಚಿತ್ರವನ್ನು 2025ರ ಜುಲೈ 25ರಂದು ಅರ್ಪಿಸಿದ್ದು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ತಾರೆಯರಿಲ್ಲ, ಹಿಂದಿ ಮಾರುಕಟ್ಟೆಯಲ್ಲಿ ‘ಸೈಯಾರಾ’ದ ಭರಾಟೆ. ಮೊದಲ ದಿನದ ಕಲೆಕ್ಷನ್ ಎರಡು ಕೋಟಿ ರೂಪಾಯಿಯನ್ನೂ ಮುಟ್ಟಲಿಲ್ಲ. ಜನರ ಬಾಯಿಮಾತು ಬೆಳೆದಂತೆ ಶೋಗಳೂ ಹೆಚ್ಚಿದವು, ಎರಡನೇ ವಾರಾಂತ್ಯ ಮೊದಲನೆಯದನ್ನು ಮೀರಿತು, ಒಟ್ಟು ಗಳಿಕೆ 300 ಕೋಟಿ ದಾಟಿತು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಪಂಡಿತರಿಗೆ ಆಗ ಕಾರಣ ಹೊಳೆಯಿತು: ಭಕ್ತಿ. 2005ರ ‘ಹನುಮಾನ್’ ಗೆದ್ದಾಗಲೂ ಇದೇ ಕಾರಣ ಕೇಳಿಬಂದಿತ್ತು. ಪುರಾಣ ನಂಬಿ ಬಂದ ‘ಅರ್ಜುನ್: ದಿ ವಾರಿಯರ್ ಪ್ರಿನ್ಸ್’ 2012ರಲ್ಲಿ ಡಿಸ್ನಿಯ ಬೆಂಬಲವಿದ್ದೂ ನಿಲ್ಲಲಿಲ್ಲ. ನರಸಿಂಹ ಗೆದ್ದದ್ದು ಭಕ್ತಿಯಿಂದಲೇ ಇದ್ದರೂ, ಯಾವ ಭಕ್ತಿ ಟಿಕೆಟ್ಟಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಮುಂಚಿತವಾಗಿ ಹೇಳಬಲ್ಲ ಸೂತ್ರ ಅದರಲ್ಲಿಲ್ಲ.

ಒಂದನ್ನು ಮಾತ್ರ ನಾನು ಗಂಭೀರವಾಗಿ ನೋಡುತ್ತೇನೆ: ಮೊದಲ ಶನಿವಾರದ ಎದುರು ಎರಡನೇ ಶನಿವಾರ ಎಷ್ಟು ನಿಂತಿತು? ಅದನ್ನು ಭವಿಷ್ಯ ಎನ್ನಲಾಗದು, ಆದರೆ ಚಿತ್ರವನ್ನು ಅವಸರದಲ್ಲಿ ತೆಗೆದುಹಾಕದಂತೆ ತಡೆಯಲು ಸಾಕು. ಹೊಂಬಾಳೆಯವರ ಅವತಾರ ಸರಣಿಯಲ್ಲಿ 2037ರವರೆಗೆ ಏಳು ಚಿತ್ರಗಳು ಘೋಷಣೆಯಾಗಿವೆ. ಮುಂದಿನದು 2027ಕ್ಕೆ, ಪರಶುರಾಮ. ಅದರ ಮೊದಲ ದಿನ ನರಸಿಂಹನದಕ್ಕಿಂತ ದೊಡ್ಡದಾಗಿರುತ್ತದೆಂದು ನಾನೂ ಬಾಜಿ ಕಟ್ಟಬಲ್ಲೆ. ಎರಡನೇ ವಾರಕ್ಕೆ ಕಟ್ಟಲಾರೆ.