ಗಾಡಿ ನಿಂತ ಮೇಲೆ ಶುರುವಾಗುವ ಕೆಲಸ

ಅಮೆರಿಕದ ಯುದ್ಧ ಇಲಾಖೆ 1944ರ ಫೆಬ್ರುವರಿಯಲ್ಲಿ ಟಿಎಂ 9-803 ಎಂಬ ಕೈಪಿಡಿಯನ್ನು ಹೊರಡಿಸಿತು. ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯೂ ಎಂಬ ಅವಳಿ ಗಾಡಿಗಳಿಗಾಗಿ ಬರೆದ ಪುಸ್ತಕ ಇದು. ಸೇನೆಯ ಲೆಕ್ಕದಲ್ಲಿ ಅವು ಕಾಲು ಟನ್ನಿನ ಟ್ರಕ್ಕುಗಳು. ಜನರ ಬಾಯಲ್ಲಿ ಜೀಪು. ಎಂಬತ್ತು ವರ್ಷ ದಾಟಿದ ಈ ಕೈಪಿಡಿಯನ್ನು ಇವತ್ತು ಓದಲು ಕಾರಣ ನಮ್ಮ ಘಟ್ಟದಲ್ಲೇ ಇದೆ. ಮಹೀಂದ್ರ ಕಂಪನಿ ವಾಹನೋದ್ಯಮಕ್ಕೆ ಕಾಲಿಟ್ಟದ್ದೇ ವಿಲ್ಲಿಸ್ ಜೀಪುಗಳ ಜೋಡಣೆಯಿಂದ. ಕೊಡಚಾದ್ರಿಗೂ ಮಾಂದಲ್‌ಪಟ್ಟಿಗೂ ಪ್ರವಾಸಿಗರನ್ನು ಹೊತ್ತು ಹತ್ತುವ ಹಳೆಯ ಮಹೀಂದ್ರ ಜೀಪುಗಳ ಅಡಿಭಾಗ ಇವತ್ತಿಗೂ ಹೆಚ್ಚುಕಡಿಮೆ ಅದೇ: ಎರಡು ಗಟ್ಟಿ ಆಕ್ಸಲ್, ನಾಲ್ಕು ಮೂಲೆಗೆ ಕಮಾನು ಪಟ್ಟಿ, ನಡುವೆ ಟ್ರಾನ್ಸ್‌ಫರ್ ಕೇಸು, ಅದರಿಂದ ಹಿಂದಕ್ಕೂ ಮುಂದಕ್ಕೂ ಒಂದೊಂದು ಪ್ರೊಪೆಲ್ಲರ್ ಶಾಫ್ಟು.

ಡ್ರೈವರನ ಪಾಲಿನ ನಿರ್ವಹಣೆಯನ್ನು ಕೈಪಿಡಿ ನಾಲ್ಕು ಹೊತ್ತಿಗೆ ಹಂಚುತ್ತದೆ: ಹೊರಡುವ ಮುನ್ನ, ಓಡಿಸುವಾಗ, ದಾರಿಯಲ್ಲಿ ನಿಂತಾಗ, ಕೆಲಸ ಮುಗಿದ ಮೇಲೆ. ಕೊನೆಯದರ ಜೊತೆಗೆ ವಾರಕ್ಕೊಮ್ಮೆಯ ಕೆಲಸಗಳೂ ಸೇರಿವೆ. ಇಷ್ಟಕ್ಕೇ ಇದು ದೊಡ್ಡ ಪುಸ್ತಕವಾಗುವುದಿಲ್ಲ. ಇದರ ಹೆಚ್ಚುಗಾರಿಕೆ ಇರುವುದು ಯಾವ ಹೊತ್ತಿಗೆ ಎಷ್ಟು ತೂಕ ಎಂಬ ತೀರ್ಮಾನದಲ್ಲಿ. ಹೊರಡುವ ಮುನ್ನಿನ ತಪಾಸಣೆ ಇಲ್ಲಿ ಚುಟುಕು: ಕಳೆದ ಬಾರಿ ನೋಡಿ ನಿಲ್ಲಿಸಿದ ಸ್ಥಿತಿಯಲ್ಲೇ ಗಾಡಿ ಇದೆಯೇ, ಯಾರಾದರೂ ಕೈಯಾಡಿಸಿದ್ದಾರೆಯೇ, ಎಲ್ಲಾದರೂ ಸೋರಿದೆಯೇ ಎಂದು ಖಚಿತಪಡಿಸಿಕೊಂಡರೆ ಸಾಕು. ಕೆಲಸ ಮುಗಿದ ಮೇಲಿನ ತಪಾಸಣೆಯೇ ವಿಸ್ತಾರವಾದದ್ದು, ವಿಶೇಷ ಮಹತ್ವದ್ದು ಎಂದು ಕೈಪಿಡಿ ಬಿಡಿಸಿ ಹೇಳುತ್ತದೆ. ಅದನ್ನು ಚೆನ್ನಾಗಿ ಮುಗಿಸಿಟ್ಟ ಗಾಡಿ ಯಾವ ಗಳಿಗೆಯಲ್ಲಿ ಕರೆದರೂ ಹೊರಡಲು ಸಿದ್ಧ ಎಂಬುದು ಅದರ ವಾದ.

ನಮ್ಮಲ್ಲಿ ರೂಢಿ ತಿರುವುಮುರುವು. ಹೊರಡುವ ಬೆಳಿಗ್ಗೆ ಬಾನೆಟ್ ಎತ್ತುತ್ತೇವೆ, ಆಯಿಲ್ ಗೇಜು ಎಳೆದು ಒರೆಸಿ ನೋಡುತ್ತೇವೆ, ಟೈರಿಗೆ ಒಂದು ಒದೆ ಕೊಡುತ್ತೇವೆ. ಮರಳಿ ಬಂದ ಮೇಲೆ ನೀರು ಹೊಡೆಸಿ ನಿಲ್ಲಿಸಿದರೆ ಮುಗಿಯಿತು. ಆದರೆ ಪೆಟ್ಟು ಬೀಳುವುದು ದಾರಿಯಲ್ಲಿ. ಸಂಜೆ ಕಂಡ ದೋಷವನ್ನು ರಿಪೇರಿ ಮಾಡಿಸಲು ಒಂದು ರಾತ್ರಿಯ ಅವಕಾಶ ಇರುತ್ತದೆ. ಅದೇ ದೋಷ ಬೆಳಿಗ್ಗೆ ಆರು ಗಂಟೆಗೆ, ಪ್ರವಾಸಿಗರು ಹತ್ತಿ ಕೂತ ಮೇಲೆ ಕಂಡರೆ, 'ಇವತ್ತೊಂದು ದಿನ ಹೋಗಿ ಬರೋಣ' ಎಂಬ ಮಾತಾಗುತ್ತದೆ.

ಹಳ್ಳ ದಾಟುವುದನ್ನೇ ತೆಗೆದುಕೊಳ್ಳಿ. ಏರಿನಲ್ಲಿ ದುಡಿದು ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಹೌಸಿಂಗಿನ ಒಳಗಿನ ಗಾಳಿ ಥಟ್ಟನೆ ಕುಗ್ಗುತ್ತದೆ. ಕುಗ್ಗಿದಷ್ಟು ಜಾಗಕ್ಕೆ ಬ್ರೀದರ್ ಎಂಬ ಗಾಳಿಕಿಂಡಿಯ ಮೂಲಕ ಗಾಳಿ ಬರಬೇಕು. ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆ ದಿನ ಏನೂ ಗೊತ್ತಾಗುವುದಿಲ್ಲ. ರಾತ್ರಿ ನಿಂತ ಗಾಡಿಯ ಡ್ರೇನ್ ಪ್ಲಗ್ಗನ್ನು ಬೆಳಿಗ್ಗೆ ಸ್ವಲ್ಪವೇ ಸಡಿಲಿಸಿದರೆ ಮೊದಲು ನೀರು ಬರಬಹುದು. ನೀರು ಕಲಸಿಹೋಗಿದ್ದರೆ ಗೇರ್ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿರುತ್ತದೆ. ನೋಡದೆ ಬಿಟ್ಟರೆ ಬೇರಿಂಗಿಗೆ ತುಕ್ಕು ಹಿಡಿದು ವಾರಗಳ ನಂತರ ಡಿಫರೆನ್ಷಿಯಲ್ ಕೊರಗತೊಡಗುತ್ತದೆ. ಆಗ ಯಾರಿಗೂ ಆ ಹಳ್ಳದ ನೆನಪಾಗುವುದಿಲ್ಲ. 1944ರ ಕೈಪಿಡಿ ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಈ ಗಾಳಿಕಿಂಡಿಗಳನ್ನು ತಪಾಸಣೆಯ ಪಟ್ಟಿಯಲ್ಲೇ ಸೇರಿಸಿದೆ.

ನೀರು ಹೊಡೆಸುವುದಕ್ಕೂ ಒಂದು ಕ್ರಮ ಬೇಕು. ಮೊದಲು ನೋಡಿ ಆಮೇಲೆ ತೊಳೆಯಬೇಕು. ಒಣಗಿದ ಕೆಂಪುಮಣ್ಣಿನ ಮೇಲೆ ಒದ್ದೆ ಕಪ್ಪು ಗೆರೆ ಇಳಿದಿದ್ದರೆ ಅದು ಸೋರಿಕೆಯ ಗುರುತು. ಶಾಕ್ ಅಬ್ಸಾರ್ಬರಿನದೋ, ವೀಲ್ ಹಬ್ಬಿನದೋ, ಬ್ರೇಕಿನದೋ ಎಂದು ಹಿಂದೆ ಹೋಗಿ ಪತ್ತೆ ಹಚ್ಚಬಹುದು. ತೊಳೆದರೆ ಆ ಸಾಕ್ಷಿಯೇ ಹೋಯಿತು. ತೊಳೆದ ಮೇಲೆ ಇನ್ನೊಮ್ಮೆ ನೋಡಬೇಕು, ಏಕೆಂದರೆ ಕಮಾನಿನ ಮೇನ್ ಪಟ್ಟಿಯ ಸೀಳು ಮಣ್ಣಿನಡಿ ಕಾಣದು. ಯು-ಬೋಲ್ಟಿನ ಬುಡದಲ್ಲಿ ಹೊಸ ಉಜ್ಜಿನ ಹೊಳಪು ಕಂಡರೆ ಅದು ಸಡಿಲವಾಗಿದೆ ಎಂದರ್ಥ. ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಹಿಡಿದು ತಿರುಚಿದಾಗ ಅದರ ಕೀಲಿನ ಕ್ರಾಸಿನಲ್ಲಿ ಆಟ ಸಿಕ್ಕರೆ ಆ ಕ್ರಾಸನ್ನು ಬದಲಿಸಬೇಕು. ಆಟವಿಲ್ಲದಿದ್ದರೆ, ಒಳಗಿನ ನೀರು ಬೆರೆತ ಗ್ರೀಸು ಹೊರಬಿದ್ದು ಹೊಸದು ಇಣುಕುವವರೆಗೆ ಗನ್ನಿನಿಂದ ಗ್ರೀಸು ಹೊಡೆಯಬೇಕು.

ದಾರಿಯಲ್ಲಿ ನಿಂತಾಗ ವೀಲ್ ಹಬ್ ಮತ್ತು ಬ್ರೇಕ್ ಡ್ರಮ್ಮುಗಳನ್ನು ಮುಟ್ಟಿ ಬಿಸಿ ನೋಡಬೇಕೆಂಬ ಕೈಪಿಡಿಯ ಸಲಹೆ ನನಗೆ ಬಹಳ ಇಷ್ಟ. ಇದಕ್ಕೆ ಉಪಕರಣ ಬೇಡ, ಖರ್ಚಿಲ್ಲ. ಮೂರು ಚಕ್ರ ಬೆಚ್ಚಗಿದ್ದು ನಾಲ್ಕನೆಯದು ಕೈ ಸುಡುವಂತಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗು ಬಿಗಿದಿದೆ. ಕೊಡಚಾದ್ರಿಯ ತುದಿಯಲ್ಲಿ ಪ್ರವಾಸಿಗರು ಸರ್ವಜ್ಞ ಪೀಠದ ಕಡೆ ನಡೆದಾಗ ಡ್ರೈವರಿಗೆ ಬೇಕಾದಷ್ಟು ಬಿಡುವು ಸಿಗುತ್ತದೆ. ಇಳಿಜಾರಿಗೆ ಮುನ್ನ ಇದಕ್ಕಿಂತ ಉಪಯುಕ್ತವಾದ ಎರಡು ನಿಮಿಷ ಇನ್ನೊಂದಿಲ್ಲ.

ಕೈಪಿಡಿಯ ಕೊರತೆಗಳೂ ಸಣ್ಣವಲ್ಲ. ಅದು ಮಾಡಬೇಕಾದದ್ದನ್ನು ಆಜ್ಞೆಯಂತೆ ಹೇಳುತ್ತದೆ, ಕಾರಣ ಹೇಳುವುದು ಕಡಿಮೆ. ಪಟ್ಟಿಯಲ್ಲಿ ವೈಪರ್ ಕೂಡ ಒಂದು ಅಂಶ, ಸ್ಟೀರಿಂಗಿನ ಟೈ ರಾಡ್ ಕೂಡ ಒಂದು ಅಂಶ. ಯಾವುದು ಪ್ರಾಣಕ್ಕೆ ಸಂಬಂಧಿಸಿದ್ದು ಎಂಬ ತಾರತಮ್ಯ ಎದ್ದು ಕಾಣುವುದಿಲ್ಲ. ದೋಷ ಕಂಡರೆ ಮೇಲಿನವರಿಗೆ ವರದಿ ಮಾಡು ಎನ್ನುತ್ತದೆ. ಸೇನೆಯ ಡ್ರೈವರನ ಬೆನ್ನಿಗೆ ಮೆಕ್ಯಾನಿಕ್ಕುಗಳ ದಳವಿತ್ತು, ಬಿಡಿಭಾಗಗಳ ಉಗ್ರಾಣವಿತ್ತು. ಸ್ವಂತ ಜೀಪಿನಲ್ಲಿ ದಿನದ ದುಡಿಮೆ ನಡೆಸುವವನಿಗೆ ಗಾಡಿ ನಿಂತರೆ ಆ ದಿನದ ಸಂಪಾದನೆಯೇ ನಿಲ್ಲುತ್ತದೆ. ಆ ಕಷ್ಟಕ್ಕೆ ಈ ಪುಸ್ತಕದಲ್ಲಿ ಉತ್ತರವಿಲ್ಲ.

ಹಾಗೆಂದು ಈಗಿನ ಪದ್ಧತಿ ಅದಕ್ಕಿಂತ ಮೇಲೆಂದು ಹೇಳಲಾರೆ. ಕಂಪನಿಗಳ ಸರ್ವಿಸ್ ಪಟ್ಟಿ ಕಿಲೋಮೀಟರ್ ಮತ್ತು ತಿಂಗಳ ಲೆಕ್ಕದ್ದು. ಲೋ ಗೇರಿನಲ್ಲಿ ಕಲ್ಲು ಹತ್ತಿದ ಹತ್ತು ಕಿಲೋಮೀಟರೂ ಹೆದ್ದಾರಿಯ ಹತ್ತು ಕಿಲೋಮೀಟರೂ ಮೀಟರಿಗೆ ಒಂದೇ. 2020ರಲ್ಲಿ ಬಂದ ಥಾರ್ 650 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎಂದು ಕಂಪನಿ ಹೇಳುತ್ತದೆ. ವಾರಾಂತ್ಯಕ್ಕೆ ಘಟ್ಟ ಹತ್ತುವವರು ಆ ಅಂಕಿಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ದಾಟಿದ ಮೇಲೆ ಏರ್ ಫಿಲ್ಟರ್ ಒದ್ದೆಯಾಗಿದೆಯೇ, ಚಕ್ರದ ಬಳಿಯ ಸೆನ್ಸರ್ ವೈರು ಕಿತ್ತಿದೆಯೇ, ಕೆಸರಿಗಾಗಿ ಇಳಿಸಿದ ಟೈರಿನ ಗಾಳಿಯನ್ನು ಹೆದ್ದಾರಿಗೆ ಮುನ್ನ ಮತ್ತೆ ತುಂಬಿಸಲಾಗಿದೆಯೇ ಎಂದು ಆ ಅಂಕಿ ಕೇಳುವುದಿಲ್ಲ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದ ಟೈರಿನ ಪಕ್ಕದ ಗೋಡೆ ಕಾದು ಸಿಡಿಯಬಹುದು, ಅದೂ ಕಾಡುದಾರಿ ಮುಗಿಯಿತೆಂದು ಎಲ್ಲರೂ ನಿರಾಳವಾದ ಹೊತ್ತಿನಲ್ಲಿ.

ಆದ್ದರಿಂದ ಈ ಕೈಪಿಡಿಯ ಉದ್ದನೆಯ ಪಟ್ಟಿಗಿಂತ ಅದು ಕೆಲಸ ಮುಗಿದ ಮೇಲಿನ ತಪಾಸಣೆಗೆ ಕೊಡುವ ಆದ್ಯತೆಯನ್ನು ನಾವು ತೆಗೆದುಕೊಳ್ಳಬೇಕು. ಬ್ರೇಕು, ಸ್ಟೀರಿಂಗು, ಚಕ್ರದ ನಟ್ಟು, ಕಮಾನು, ಆಕ್ಸಲಿನ ಆಯಿಲು: ಈ ಐದನ್ನು ಪ್ರತಿ ಸಂಜೆ ನೋಡುವ ಕ್ರಮ ಘಟ್ಟದ ಪ್ರತಿ ಜೀಪ್ ಸ್ಟ್ಯಾಂಡಿನಲ್ಲೂ ಕನ್ನಡದಲ್ಲಿ, ಕಾರಣಸಹಿತ, ಬರೆದು ಹಾಕುವಂಥದ್ದು. ಅದಕ್ಕೆ ತಗಲುವ ಸಮಯವನ್ನೂ ಟ್ರಿಪ್ಪಿನ ಬಾಡಿಗೆಯಲ್ಲೇ ಸೇರಿಸಬೇಕು. ಜೀಪು ಹತ್ತಿ ಕೂರುವ ನಮ್ಮ ಜೀವ ಹಿಂದಿನ ಸಂಜೆಯ ಆ ಕೆಲಸದ ಮೇಲೆ ನಿಂತಿರುವಾಗ, ಅದರ ಕೂಲಿ ಕೊಡುವ ಹೊಣೆಯೂ ನಮ್ಮದೇ.